ಹದಿನಾಲ್ಕನೇ ಗೇಟಿನ ನಂಬರು

ಗುತ್ತೆಪ್ಪನ ಮಾತು ಬಂದರೆ ನನಗೆ ಮೊದಲು ಬರುವುದು ಸಿಟ್ಟು. ಅವನು ನೌಕರಿಯಿಂದ ಇಳಿದು ಮೂರು ವರ್ಷವಾಯಿತು, ನನಗೂ ಆ ಸ್ಟೇಷನ್ನಿನಿಂದ ವರ್ಗವಾಯಿತು. ಆದರೂ ಟೆಲಿಫೋನಿನ ಹಿಡಿ ತಿರುಗಿಸುವಾಗ ಇವತ್ತಿಗೂ ನಾನು ಹಲ್ಲು ಕಚ್ಚುತ್ತೇನೆ. ಹನ್ನೊಂದು ವರ್ಷ ಆ ಮನುಷ್ಯ ನನ್ನನ್ನು ಕಾಯಿಸಿದ್ದಾನೆ. ನನ್ನ ಪಾಳಿಯಲ್ಲಿ ದಿನಕ್ಕೆ ನಾಲ್ಕು ಗಾಡಿ, ಗಾಡಿಗೆ ಐದು ನಿಮಿಷ. ರಜೆ ಸೂಟಿ ಕಳೆದು ಒಮ್ಮೆ ಲೆಕ್ಕ ಹಾಕಿ ನೋಡಿದೆ, ನನ್ನ ಆಯುಷ್ಯದ ಒಂದೂವರೆ ತಿಂಗಳು ಬರೀ ಅವನ ನಂಬರಿಗಾಗಿ ಕಾಯುವುದರಲ್ಲೇ ಹೋಗಿದೆ.

ಯಲವಿಗಿ ದಾಟಿ ಹರಿಹರದ ಕಡೆ ಹೋಗುವಾಗ ಬರುವ ಒಂದು ಸಣ್ಣ ಸ್ಟೇಷನ್ನು ನಮ್ಮದು. ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಈಗ ಇರುವವರು ನನ್ನ ಮೇಲೆ ಬರುತ್ತಾರೆ. ಹಿರೇಕೆರೂರ ತಾಲೂಕಿನ ಹಂಸಭಾವಿಯವನಾದ ನಾನು, ಅಂದರೆ ಚನ್ನವೀರಪ್ಪ, ಅಲ್ಲಿಗೆ ಸಹಾಯಕ ಸ್ಟೇಷನ್ ಮಾಸ್ತರನಾಗಿ ಹೋದದ್ದು ಎಪ್ಪತ್ತರಲ್ಲಿ. ಸ್ಟೇಷನ್ನಿನಿಂದ ಅರ್ಧ ಮೈಲಿ ಆಚೆ, ಸವಣೂರ ಸೀಮೆಯ ವೀಳ್ಯದೆಲೆ ತೋಟಗಳಿಂದ ಬರುವ ಚಕ್ಕಡಿ ರಸ್ತೆ ಹಳಿ ದಾಟುವಲ್ಲಿ, ಹದಿನಾಲ್ಕನೇ ಗೇಟು. ಅದರ ಮಗ್ಗುಲಿನ ಒಂದೇ ಕೋಣೆಯ ಮನೆಯಲ್ಲಿ ಗೇಟಮನ್ ಗುತ್ತೆಪ್ಪ ಮತ್ತು ಅವನ ಹೆಂಡತಿ ಉಡಚವ್ವ ಇದ್ದರು. ಅವನು ಹಾನಗಲ್ಲ ತಾಲೂಕಿನ ತಿಳವಳ್ಳಿ ಕಡೆಯವನು, ಅವಳ ತವರು ಶಿಗ್ಗಾವಿ ಹತ್ತಿರ. ಮಕ್ಕಳಿಲ್ಲ. ಹಿತ್ತಲಲ್ಲಿ ಹತ್ತಾರು ಕೋಳಿ, ಎರಡು ಮಡಿ ಮೆಂತ್ಯೆ ಪಲ್ಲೆ. ನಡುವೆ ಹಳಿ ಸೊಟ್ಟಗೆ ತಿರುಗುವುದರಿಂದ ಸ್ಟೇಷನ್ನಿನಲ್ಲಿ ನಿಂತರೆ ಗೇಟು ಕಾಣುತ್ತಿರಲಿಲ್ಲ. ಎಲ್ಲ ತಾಪತ್ರಯಕ್ಕೂ ಮೂಲ ಇದೇ.

ಕಾಣದ ಗೇಟು ಬಿದ್ದಿದೆ ಎಂದು ಮಾಸ್ತರನಿಗೆ ಗೊತ್ತಾಗುವುದು ಹೇಗೆ? ಹಿಂದಿನ ಕಾಲದಲ್ಲಿ ಟೆಲಿಫೋನಿನಲ್ಲಿ ಕೇಳುತ್ತಿದ್ದರು, ಅವನು "ಹಾಕೇನ್ರಿ" ಅನ್ನುತ್ತಿದ್ದ, ಮುಗಿಯಿತು. ಸುಳ್ಳು ಹೇಳಲು ಇದಕ್ಕಿಂತ ಸುಲಭದ ದಾರಿ ಬೇಕೆ? ಯಾರು ಮಾತಾಡಿದರು ಎಂಬುದಕ್ಕೂ ಸಾಕ್ಷಿ ಇರುತ್ತಿರಲಿಲ್ಲ. ಹಾಗಾಗಿ ಮೇಲೆ ಯಾರೋ ತಲೆ ಇದ್ದವರು ಒಂದು ಉಪಾಯ ತೆಗೆದರು. ಎರಡೆರಡು ಅಂಕಿಯ ನಂಬರುಗಳನ್ನು ಹಿಂದುಮುಂದಾಗಿ ಕಲಸಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಲಕ್ಕೋಟೆಗೆ ಮೊಹರು ಹಚ್ಚಿ, ಗೇಟಮನ್ ಕೈಗೆ ಕೊಡುವುದು. ನಾನು ಹಿಡಿ ತಿರುಗಿಸಿ ಗೇಟು ಹಾಕು ಅನ್ನಬೇಕು. ಅವನು ಹಾಕಿ, ಬೀಗ ಜಡಿದು, ಹಾಳೆಯಲ್ಲಿ ಮುಂದೆ ಇರುವ ನಂಬರು ಓದಿ, ಅದರ ಮೇಲೆ ಗೀಟು ಎಳೆಯಬೇಕು. ನಾನು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೇ ಕೈಮರ ಇಳಿಸಿ ಗಾಡಿಗೆ ದಾರಿ ಕೊಡಬೇಕು. ಮುಂದಿನ ನಂಬರು ಯಾವುದೆಂದು ನನಗೂ ಗೊತ್ತಿರುವುದಿಲ್ಲ, ದಾರಿಯಲ್ಲಿ ತಂತಿ ಹಿಡಿದು ಕೀಟಲೆ ಮಾಡುವವನಿಗೂ ಗೊತ್ತಿರುವುದಿಲ್ಲ.

ಆಮೇಲೆ ಸುತ್ತೋಲೆಗಳು ಶುರುವಾದವು. ಪೆನ್ಸಿಲಿನಲ್ಲಿ ಗೀಟು ಎಳೆಯಬಾರದು, ಮಸಿಯಲ್ಲಿ ಎಳೆಯಬೇಕು. ನಾನು ರಿಜಿಸ್ಟರಿನಲ್ಲಿ ಅಂಕಿಯ ಜೊತೆ ಅಕ್ಷರದಲ್ಲೂ ಬರೆಯಬೇಕು. ಹಾಳೆಯನ್ನು ಬೀಗದಲ್ಲಿಡಬೇಕು. ತಿಂಗಳ ಕೊನೆಗೆ ಅವನ ಹಾಳೆ, ನನ್ನ ರಿಜಿಸ್ಟರು ಎರಡನ್ನೂ ತಾಳೆ ನೋಡಬೇಕು. ಕೆಳಗಿನವರು ಸುಳ್ಳಿಗೊಂದು ಹೊಸ ದಾರಿ ಹುಡುಕಿದ ಕೂಡಲೇ ಮೇಲಿನವರು ಒಂದು ಹೊಸ ಸುತ್ತೋಲೆ ಹುಡುಕುತ್ತಿದ್ದರು. ಈಗ ಕೆಲವು ಗೇಟುಗಳಿಗೆ ಹೊಸ ತರಹದ ಬೀಗ ಬಂದಿದೆ, ಗೇಟು ಬೀಳದೆ ಕೈಮರ ಇಳಿಯುವುದೇ ಇಲ್ಲ, ಯಾರನ್ನೂ ನಂಬಬೇಕಾಗಿಲ್ಲ. ನಮ್ಮ ಗೇಟಿಗೆ ಆಗ ಅದು ಇರಲಿಲ್ಲ. ನಮಗಿದ್ದದ್ದು ಆ ಹಾಳೆ ಮತ್ತು ಗುತ್ತೆಪ್ಪ.

ಉಳಿದ ಗೇಟಮನ್‌ಗಳು ಮನುಷ್ಯರ ಹಾಗೆ ಇದ್ದರು. ಮೊದಲು ನಂಬರು ಹೇಳಿ, ಬೀಡಿ ಆರಿಸಿ, ಆಮೇಲೆ ಗೇಟು ಹಾಕುತ್ತಿದ್ದರು. ಗಾಡಿ ಬರಲು ಹೇಗೂ ಇನ್ನೂ ಹದಿನೈದು ನಿಮಿಷ ಇರುತ್ತಿತ್ತು. ಇಡೀ ಲೈನಿನಲ್ಲಿ ಇದು ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಗುತ್ತೆಪ್ಪನೊಬ್ಬನಿಗೆ ಇದು ಬರಲಿಲ್ಲ. ನಾನು ಹೇಳಿದ ಮೇಲೆ ಅವನು ಟೆಲಿಫೋನನ್ನು ತೂಗುಬಿಟ್ಟು ಹೋಗುವನು. ಈ ಕಡೆಯ ಗೇಟು ಹಾಕುವನು, ಆ ಕಡೆಯದು ಹಾಕುವನು, ಎರಡಕ್ಕೂ ಬೀಗ ಹಾಕಿ ಜಗ್ಗಿ ನೋಡುವನು. ಆಮೇಲೆ ಹಳಿಗಳ ನಡುವೆ ನಿಂತು ಆ ಕಡೆ ಈ ಕಡೆ ನೋಡುವನು. ಒಳಗೆ ಬಂದು, ಕೈ ಒರೆಸಿಕೊಂಡು, ಹಾಳೆ ತೆಗೆದು ಓದುವನು. ನಾನು ಅಲ್ಲಿಯವರೆಗೆ ರಿಸೀವರು ಕಿವಿಗೆ ಹಚ್ಚಿ ಅವನ ಕೋಳಿಗಳ ಸದ್ದು ಕೇಳುತ್ತ ನಿಲ್ಲಬೇಕು.

ರಸ್ತೆಯಲ್ಲಿ ಚಕ್ಕಡಿಗಳ ಸಾಲಿದ್ದ ದಿನ ಇದು ಹದಿನೈದು ನಿಮಿಷವನ್ನೂ ಮೀರುತ್ತಿತ್ತು, ಅಷ್ಟರಲ್ಲಿ ಗಾಡಿ ಹೊರಗಿನ ಕೈಮರದ ಹತ್ತಿರ ನಿಂತು ಸಿಳ್ಳು ಹಾಕತೊಡಗುತ್ತಿತ್ತು. ಗಾಡಿಗಳ ಓಡಾಟ ನೋಡುವ ಹುಬ್ಬಳ್ಳಿಯ ಕಂಟ್ರೋಲಿನಿಂದ ಫೋನು ಬರುತ್ತಿತ್ತು.

"ಯಾಕ ನಿಂತೈತ್ರಿ ಗಾಡಿ?"

"ಗೇಟಿನ ನಂಬರ ಬಂದಿಲ್ರಿ."

"ದಿನಾ ನಿಮ್ಮ ಗೇಟಿಂದ ಒಂದ ಹಾಡಾತಲ್ರಿ ಮಾಸ್ತರ. ಬರದು ಕೊಡ್ರಿ ಯಾಕ ಲೇಟಾತು ಅಂತ."

ನಾನು ಬರೆದು ಕೊಡುತ್ತಿದ್ದೆ. ಬರೆದು ಬರೆದು ನನ್ನ ಅಕ್ಷರವೇ ಕೆಟ್ಟುಹೋಯಿತು.

ರಸ್ತೆಯವರೂ ಸುಖವಾಗಿರಲಿಲ್ಲ. ಎಲೆ ವ್ಯಾಪಾರದ ಮಕ್ತುಮಸಾಬ ದಿನಾ ಬೆಳಿಗ್ಗೆ ಎಲೆಯ ಪೆಂಡಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹತ್ತು ಗಂಟೆಯ ಪ್ಯಾಸೆಂಜರಿಗೆ ಹಾಕಲು ಬರುತ್ತಿದ್ದ. ಗೇಟು ಬಿದ್ದಿದ್ದರೆ ಗಾಡಿ ಹೋದ ಮೇಲೇ ಅವನಿಗೆ ದಾರಿ. ಆದರೆ ಅವನ ಎಲೆ ಹೋಗಬೇಕಾದದ್ದು ಅದೇ ಗಾಡಿಗೆ. ತಿಂಗಳಿಗೆ ಎರಡು ಸಲವಾದರೂ ಅವನ ಎಲೆ ಉಳಿದು, ಮರುದಿನಕ್ಕೆ ಬಾಡುತ್ತಿತ್ತು. ಆಗ ಅವನು ಸ್ಟೇಷನ್ನಿಗೆ ಬಂದು ನನ್ನ ಮೇಜಿನ ಮೇಲೆ ಬಾಡಿದ ಎಲೆಯ ಒಂದು ಕಟ್ಟು ಇಡುತ್ತಿದ್ದ.

"ನೀವ ತಿನ್ರಿ ಮಾಸ್ತರ್ರ, ನಿಮ್ಮ ಗೇಟಮನ್ ಕೊಟ್ಟಾನ."

ಒಂದು ಸಲ ನಾನೇ ಹಳಿಗುಂಟ ನಡೆದು ಹೋಗಿ ಗುತ್ತೆಪ್ಪನಿಗೆ ಬುದ್ಧಿ ಹೇಳಿದೆ. ಅವನು ಮೆಂತ್ಯೆ ಮಡಿಗೆ ನೀರು ಬಿಡುತ್ತಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು, ಆದರೆ ನನ್ನನ್ನು ಕಂಡರೆ ಎದ್ದು ನಿಲ್ಲುವನು.

"ಗುತ್ತೆಪ್ಪಾ, ಮೊದಲ ನಂಬರ ಹೇಳು, ಆಮ್ಯಾಲ ಗೇಟ ಹಾಕು. ಗೇಟೇನ ಓಡಿ ಹೋಗತೈತೇನು?"

"ನಂಬರ ಕೊಟ್ಟಮ್ಯಾಲ ನನ್ನ ಕೈಯಾಗ ಏನ ಉಳಿತೈತ್ರಿ? ನೀವು ಕೈ ಇಳಸ್ತೀರಿ, ಡ್ರೈವರ ನಂಬಿ ಬರ್ತಾನ. ಆವಾಗ ಒಂದ ಎತ್ತು ಹಳಿಮ್ಯಾಲ ಮಲಗಿತಂದ್ರ ನಾ ಯಾರಿಗೆ ಹೇಳ್ಲಿ?"

"ಇಷ್ಟ ವರ್ಷದಾಗ ಒಂದ ಎತ್ತರ ಮಲಗೇತೇನು?"

"ಇಲ್ರಿ. ನಾ ನೋಡೇ ಕೊಡತೇನಲ್ರಿ."

ಇಂಥವನ ಜೊತೆ ಏನು ಮಾತಾಡುವುದು? ಬಂದ ದಾರಿಯಲ್ಲಿ ಮರಳಿ ಬಂದೆ.

ಎಂಬತ್ತನೇ ಇಸವಿಯ ಚಳಿಗಾಲದಲ್ಲಿ ಹೊಸ ಕಾಟ ಶುರುವಾಯಿತು. ತಿಂಗಳ ಕೊನೆಯ ತಾಳೆಯಲ್ಲಿ ಅವನ ಹಾಳೆಯ ಮೂವತ್ತೆಂಟು ನನ್ನ ರಿಜಿಸ್ಟರಿನಲ್ಲಿ ಮೂವತ್ಮೂರಾಗಿತ್ತು. ಮುಂದಿನ ತಿಂಗಳು ಎಂಬತ್ತಾರು ಹೋಗಿ ಮೂವತ್ತಾರಾಗಿ ಬಂದಿತ್ತು. ಆಮೇಲೆ ಒಂದೇ ವಾರದಲ್ಲಿ ನಾಲ್ಕು. ಓದಲು ಮೊದಲಿಗಿಂತ ಹೆಚ್ಚು ಹೊತ್ತು ಬೇರೆ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಕೆಂಪು ಶಾಯಿಯಲ್ಲಿ ನನ್ನ ರಿಜಿಸ್ಟರಿನ ಮೇಲೇ ಗೀಟು ಎಳೆದರು. ತಪ್ಪು ಓದುವವನು ಅವನು, ಬೈಸಿಕೊಳ್ಳುವವನು ನಾನು.

ಎಂಬತ್ತೊಂದರ ಮಾರ್ಚ್ ಹನ್ನೆರಡನೇ ತಾರೀಖು, ಪ್ಯಾಸೆಂಜರು ಇಪ್ಪತ್ತು ನಿಮಿಷ ನಿಂತು ಕಂಟ್ರೋಲಿನವರು ನನ್ನ ಮರ್ಯಾದೆ ತೆಗೆದ ದಿನ, ನಾನು ಸಿಟ್ಟಿನ ಭರದಲ್ಲಿ ಒಂದು ಕಾಗದ ಬರೆದೆ. ಮೂರೇ ಸಾಲು. ಹದಿನಾಲ್ಕನೇ ಗೇಟಿನ ಗೇಟಮನ್ ನಂಬರು ಕೊಡಲು ಅತಿ ತಡ ಮಾಡುತ್ತಾನೆ, ಅಂಕಿಗಳನ್ನು ತಪ್ಪು ಓದುತ್ತಾನೆ, ಸೂಕ್ತ ಕ್ರಮವಾಗಬೇಕು. ಸಹಿ ಹಾಕಿ ಅದೇ ಗಾಡಿಯ ಗಾರ್ಡನ ಕೈಗೆ ಕೊಟ್ಟೆ. ಕೊಟ್ಟ ಮೇಲೆ ಹಗುರಾಗಿ ಎರಡು ಕಪ್ಪು ಚಹಾ ಕುಡಿದದ್ದು ನೆನಪಿದೆ.

ಮಜಾ ಎಂದರೆ, ಅದಾದ ಒಂದು ವಾರಕ್ಕೆ ತಪ್ಪುಗಳು ನಿಂತುಹೋದವು. ನಂಬರು ಸರಿಯಾಗಿ ಬರತೊಡಗಿತು. ಆದರೆ ಗುತ್ತೆಪ್ಪ ಹೇಳುವ ಮೊದಲು ಹಿಂದಿನಿಂದ ಒಂದು ಹೆಣ್ಣು ದನಿ ಅದೇ ನಂಬರು ಹೇಳುವುದು ನನಗೆ ಕೇಳುತ್ತಿತ್ತು. ಒಂದು ದಿನ ತಡೆಯಲಾರದೆ ಹೋಗಿ ಬಾಗಿಲಲ್ಲಿ ನಿಂತೆ. ಗುತ್ತೆಪ್ಪ ಗೇಟು ಹಾಕಿ, ಬೀಗವನ್ನು ಬೆರಳಿಂದ ಸವರಿ, ಒಳಗೆ ಬಂದ. ಉಡಚವ್ವ ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ಅವನು ಟೆಲಿಫೋನಿಗೆ ಹೇಳಿದ. ನನ್ನನ್ನು ನೋಡಿ ಅವಳು ಹಾಳೆಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡಳು.

"ನಿನಗ ಓದಾಕ ಯಾರ ಕಲಿಸಿದರು ಉಡಚವ್ವಾ?"

"ಅಕ್ಷರ ಬರಂಗಿಲ್ರಿ. ಅಂಕಿ ಅಷ್ಟ ಕ್ಯಾಲೆಂಡರ ನೋಡಿ ಕಲ್ತೇನ್ರಿ. ಅವರಿಗೆ ಹೋದ ವರ್ಷದಿಂದ ಕಣ್ಣ ಮಂಜ ಮಂಜ. ಯಾರಿಗೂ ಹೇಳಬ್ಯಾಡ್ರಿ ಮಾಸ್ತರ್ರ."

ಯಾರಿಗೂ ಹೇಳಬೇಡವಂತೆ. ನಾನು ಆಗಲೇ ಸಹಿ ಹಾಕಿ ಹೇಳಿಯಾಗಿತ್ತು.

ಏಪ್ರಿಲಿನಲ್ಲಿ ಹುಕುಮು ಬಂತು. ಗೇಟಮನ್ ಗುತ್ತೆಪ್ಪನನ್ನು ವಿಶೇಷ ಕಣ್ಣಿನ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಬೇಕು. ಅದರಲ್ಲಿ ಫೇಲಾದರೆ ಗೇಟು ಹೋಗುತ್ತದೆ, ಗೇಟಿನ ಜೊತೆ ಮನೆ ಹೋಗುತ್ತದೆ. ನಾನು ಇನ್ಸ್‌ಪೆಕ್ಟರಿಗೆ ಫೋನು ಮಾಡಿ, ಈಗ ಎಲ್ಲ ಸರಿ ನಡೆದಿದೆ, ಆ ಕಾಗದ ಹಿಂದಕ್ಕೆ ತಗೊಳ್ಳುತ್ತೇನೆ ಎಂದೆ. ಕಾಗದ ನಂಬರು ಹಚ್ಚಿ ಫೈಲಿಗೆ ಸೇರಿದೆ, ಇನ್ನು ಯಾರಪ್ಪನಿಂದಲೂ ತೆಗೆಯಲಾಗುವುದಿಲ್ಲ ಎಂದರು ಅವರು. ಗುತ್ತೆಪ್ಪನಿಗೆ ನಾನು ಹುಕುಮು ಓದಿ ಹೇಳಿದೆ. ಅದಕ್ಕೆ ಕಾರಣ ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಲು ನನಗೆ ಮುಖ ಇರಲಿಲ್ಲ.

ನನ್ನ ಕೈಲಾದದ್ದು ಒಂದೇ ಉಳಿದಿತ್ತು. ಗುತ್ತೆಪ್ಪನಂತೆ ಅಂಕಿ ಬಿಟ್ಟು ಅಕ್ಷರ ಬರದವರ ಕಣ್ಣು ನೋಡಲು ದವಾಖಾನೆಯಲ್ಲಿ ಒಂದು ಬೋರ್ಡು ಇರುತ್ತದೆ. ಅದರ ತುಂಬ ಮೂರು ಹಲ್ಲಿನ ಹಣಿಗೆಯ ಚಿತ್ರಗಳು, ಮೇಲೆ ದೊಡ್ಡವು, ಕೆಳಗೆ ಹೋದಂತೆ ಸಣ್ಣವು. ಹಣಿಗೆಯ ಹಲ್ಲು ಯಾವ ಕಡೆ ಇವೆ ಎಂದು ಕೈ ಮಾಡಿ ತೋರಿಸಬೇಕು. ಇಪ್ಪತ್ತು ವರ್ಷದಿಂದ ಅದೇ ಬೋರ್ಡು. ಹೊರಗಿನ ಬೆಂಚಿನ ಮೇಲೆ ಪಾಳಿ ಕಾಯುವ ರೇಲ್ವೆಯ ಜನ ಅದನ್ನು ಒಬ್ಬರಿಂದೊಬ್ಬರು ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ನನಗೂ ಬರುತ್ತಿತ್ತು. ಸ್ಟೇಷನ್ನಿನಲ್ಲಿ ಪ್ರಯಾಣಿಕರು ಕೂಡುವ ಕೋಣೆಯ ಮೂಡಲ ಗೋಡೆಗೆ ಒಂದು ದೊಡ್ಡ ಹಾಳೆ ಹಚ್ಚಿ, ಇದ್ದಿಲಿನಿಂದ ಏಳು ಸಾಲು ಹಣಿಗೆ ದಪ್ಪಗೆ ಬರೆದೆ.

"ನೋಡದ ಹೇಳೂದು ನನಗ ಒಗ್ಗಂಗಿಲ್ರಿ ಮಾಸ್ತರ್ರ," ಎಂದ ಗುತ್ತೆಪ್ಪ.

"ನೋಡಿ ಹೇಳಾಕ ನಿನಗ ಕಣ್ಣರ ಎಲ್ಲಿ ಅದಾವು? ಸುಮ್ನ ಕಲಿ."

ಅವನು ಹಾಳೆಗೆ ಬೆನ್ನು ತಿರುಗಿಸಿದ. ಕೊನೆಗೆ ಅವನ ಜೊತೆ ಬಂದಿದ್ದ ಉಡಚವ್ವ ಬಾಯಿ ಬಿಟ್ಟಳು.

"ಹದಿನೆಂಟ ವರ್ಷ ಆ ಮನ್ಯಾಗ ಬಾಳೇ ಮಾಡೇನ್ರಿ. ಈಗ ಅದನ್ನ ಬಿಟ್ಟು ಯಾರ ಬಾಗಲಕ ಹೋಗೂಣು? ನನ್ನ ಸಲುವಾಗೆರ ಕಲೀರಿ."

ಅವನು ಕಲಿತ. ನಾಲ್ಕು ದಿನ ಬೇಕಾಯಿತು. ಮನೆಯಲ್ಲಿ ಉಡಚವ್ವ ರೊಟ್ಟಿ ಬಡಿಯುತ್ತ ಪಾಠ ಕೇಳುವಳು, ಐದನೇ ಸಾಲು ಹೇಳ್ರಿ ಎನ್ನುವಳು. ಅವನು ಹೇಳುವನು: ತೆಂಕಲ, ಬಡಗಲ, ಮ್ಯಾಲ, ತೆಂಕಲ, ಕೆಳಗ. ಒಂದೂ ತಪ್ಪುತ್ತಿರಲಿಲ್ಲ. ನನಗೂ ಅದರಲ್ಲಿ ಏನೂ ಊನ ಕಾಣಲಿಲ್ಲ. ನಮ್ಮ ಕಡೆ ಮನೆಯೊಳಗೂ ಬಡಗಲ ಗೋಡೆ, ತೆಂಕಲ ಮೂಲೆ ಅಂತಲೇ ಮಾತು. ಎಡ ಬಲ ಎಂಬುದು ನೊಗಕ್ಕೆ ಹೂಡುವ ಎತ್ತಿಗೆ. ಹಂಸಭಾವಿಯಲ್ಲಿ ಬೆಳೆದ ನನ್ನ ತಲೆಗೂ ಇದು ಹೊಳೆಯಲಿಲ್ಲವಲ್ಲ ಎಂದು ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಏಕೆಂದರೆ ನಾವಿಬ್ಬರೂ ಹುಬ್ಬಳ್ಳಿಗೆ ಹೋದಾಗ ದವಾಖಾನೆಯ ಕಣ್ಣಿನ ವಿಭಾಗ ಹೊಸ ಕಟ್ಟಡಕ್ಕೆ ಹೋಗಿತ್ತು. ಬೋರ್ಡು ಅದೇ, ಆದರೆ ಈಗ ಅದನ್ನು ಒಳಗೆ ದೀಪವಿರುವ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂಡಿಸಿದ್ದರು. ಮತ್ತು ಆ ಪೆಟ್ಟಿಗೆ ಇದ್ದದ್ದು ತೆಂಕಲ ಗೋಡೆಗೆ. ನಾನು ಹಾಳೆ ಹಚ್ಚಿದ್ದು ಮೂಡಲ ಗೋಡೆಗೆ, ಅಲ್ಲಿ ಬಲಗಡೆಯ ಹಲ್ಲು ತೆಂಕಲ; ಇಲ್ಲಿ ಬಲಗಡೆ ಎಂದರೆ ಪಡುವಲ.

ಡಾಕ್ಟರು ಮೈಸೂರ ಕಡೆಯವರು, ಸಮಾಧಾನದ ಮನುಷ್ಯ. "ಹಲ್ಲು ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಿ ಯಜಮಾನ್ರೇ, ಅವಸರ ಇಲ್ಲ," ಎಂದರು.

ಐದನೇ ಸಾಲಿನಿಂದಲೇ ಶುರು ಮಾಡಿಸಿದರು. ಮೊದಲನೆಯದು ತೆಂಕಲ. ಗುತ್ತೆಪ್ಪ ಕೈ ನೀಟಾಗಿ ಚಾಚಿ ಎದುರಿನ ಪೆಟ್ಟಿಗೆಯನ್ನೇ ತೋರಿಸಿದ. ಡಾಕ್ಟರು ಕಾದರು. ಎರಡನೆಯದು ಬಡಗಲ. ಅವನು ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದ. ಡಾಕ್ಟರು ತಿರುಗಿ ಅವನ ಹಿಂದೆ ಏನಿದೆ ಎಂದು ನೋಡಿದರು. ಬಾಗಿಲಲ್ಲಿ ನಾನಿದ್ದೆ.

"ಹಾಗಲ್ಲ. ಎಡಕ್ಕೋ ಬಲಕ್ಕೋ, ಅಷ್ಟು ಹೇಳಿ ಸಾಕು."

ಗುತ್ತೆಪ್ಪನಿಗೆ ಗೊಂದಲವಾಯಿತು. ತಲೆಯಲ್ಲಿದ್ದದ್ದನ್ನು ಸರಿಮಾಡಿಕೊಳ್ಳಲೆಂದು ಅವನು ಸ್ಟೂಲಿನ ಮೇಲೆ ಕೂತಲ್ಲೇ ಮೂಡಲಕ್ಕೆ ತಿರುಗಿದ. ಅಲ್ಲಿ ಒಂದು ಔಷಧದ ಕಪಾಟು ಇತ್ತು. ಆ ಕಪಾಟಿಗೆ ಮುಖ ಮಾಡಿ ಅವನು ಐದನೇ ಸಾಲು, ಆರನೇ ಸಾಲು, ಏಳನೇ ಸಾಲು, ಮೂರನ್ನೂ ಕೈ ಮಾಡಿ ಒಪ್ಪಿಸಿದ. ಒಂದೂ ತಪ್ಪಲಿಲ್ಲ. ನನಗೆ ನಗು ಬಂದಿದ್ದರೆ ಚೆನ್ನಾಗಿತ್ತು, ಆದರೆ ಬಂದದ್ದು ಅಳು.

"ಅಲ್ಲಿ ಬೋರ್ಡು ಇಲ್ಲವಲ್ಲ ಯಜಮಾನ್ರೇ," ಎಂದರು ಡಾಕ್ಟರು, ಮೆಲ್ಲಗೆ.

ಆಗಲಾದರೂ ಅವನು ಸುಮ್ಮನಿರಬಹುದಿತ್ತು. ಮುದುಕ, ತಿಳಿಯಲಿಲ್ಲ ಎಂದು ಅವರು ಇನ್ನೊಮ್ಮೆ ಕರೆಯುತ್ತಿದ್ದರು. ಇವನು ಎದ್ದು ನಿಂತ.

"ನಾ ಬಾಯಿಪಾಠ ಮಾಡಿಕೊಂಡು ಬಂದೇನ್ರಿ ಸಾಹೇಬ್ರ. ನನಗ ಬೋರ್ಡ ಕಾಣಂಗಿಲ್ಲ. ದೀಪ ಹತ್ತೇತಿ ಅನ್ನೂದಷ್ಟ ಕಾಣತೈತಿ."

ಯಾರು ಪಾಠ ಮಾಡಿಸಿದರು ಎಂದು ಕೇಳಿದರು. ಅವನು ಹೇಳಲಿಲ್ಲ. ಡಾಕ್ಟರು ನನ್ನ ಕಡೆ ಒಮ್ಮೆ ನೋಡಿ, ಬಿಟ್ಟರು.

ಮೂಲೆಯಲ್ಲಿ ಆಗಷ್ಟೇ ಬಂದಿದ್ದ ಒಂದು ಯಂತ್ರವಿತ್ತು. ಅದಕ್ಕೆ ಗದ್ದ ಆನಿಸಿ ಕೂತರೆ ಸಾಕು, ಒಂದು ಸಣ್ಣ ಬೆಳಕಿನ ಗೆರೆ ಕಣ್ಣೊಳಗೆ ಹೋಗುತ್ತದೆ, ಡಾಕ್ಟರು ಆಚೆಯಿಂದ ಕಣ್ಣಿನ ಒಳಗನ್ನೇ ನೋಡುತ್ತಾರೆ. ಅದು ರೋಗಿಯನ್ನು ಏನೂ ಕೇಳುವುದಿಲ್ಲ. ಬಾಯಿಪಾಠ ಅದರ ಮುಂದೆ ನಡೆಯುವುದಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಡಾಕ್ಟರು, ಇದು ತೆಗೆಯುವಂಥ ಪೊರೆಯಲ್ಲ, ಕಣ್ಣಿನ ಒತ್ತಡದಿಂದ ಒಳಗಿನ ನರ ಒಣಗಿದೆ, ಔಷಧ ಹಾಕಿದರೆ ಉಳಿದಷ್ಟನ್ನು ಕಾಯ್ದುಕೊಳ್ಳಬಹುದು ಎಂದರು. ಗೇಟಿನ ಕೆಲಸಕ್ಕೆ ಯೋಗ್ಯನಲ್ಲ ಎಂದು ಬರೆದರು. ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ.

ಮರಳಿ ಬರುವಾಗ ಗಾಡಿಯಲ್ಲಿ ನಾನು ಅವನನ್ನು ಬೈದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನಾಗುತ್ತಿತ್ತು, ಅಷ್ಟು ಕಷ್ಟಪಟ್ಟು ಹಾಳೆ ಬರೆದೆನಲ್ಲ ಎಂದೆ. ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

"ಸುಮ್ನ ಕುಂತಿದ್ರ ಪಾಸ ಮಾಡಿ ಕಳಸತಿದ್ದರೇನೋ. ಆಮ್ಯಾಲ ಗೇಟಿನ್ಯಾಗ ಯಾರಿರತಿದ್ದರು? ಕಣ್ಣಿಲ್ಲದ ನಾನ."

ಮೇ ತಿಂಗಳಲ್ಲಿ ಮನೆ ಬಿಡಿಸಿದರು. ನೌಕರಿಯಿಂದ ತೆಗೆಯಲಿಲ್ಲ, ಸ್ಟೇಷನ್ನಿನಲ್ಲಿ ಹರವಿಗೆ, ಅಂದರೆ ಕುಡಿಯುವ ನೀರಿನ ದೊಡ್ಡ ಮಡಕೆಗೆ, ನೀರು ತುಂಬುವ, ಗಂಟೆ ಹೊಡೆಯುವ ಕೆಲಸ ಕೊಟ್ಟರು. ಉಡಚವ್ವ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಊರೊಳಗೆ ಒಂದು ಬಾಡಿಗೆ ಕೋಣೆಗೆ ಹೋದಳು. ಅವಳು ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಿದ್ದಳು, ಅದೇ ನನಗೆ ಚುಚ್ಚುತ್ತಿತ್ತು.

ಗೇಟಿಗೆ ಚೌಡಪ್ಪ ಎಂಬುವನು ಬಂದ. ಮೂವತ್ತರ ಆಸುಪಾಸು, ಕಣ್ಣು ಹದ್ದಿನವು, ಮಾತು ಬೆಣ್ಣೆ. ನಾನು ಹಿಡಿ ತಿರುಗಿಸುವುದೇ ತಡ, "ಬರಕೋರಿ ಮಾಸ್ತರ್ರ, ಐವತ್ತೇಳು," ಎನ್ನುವನು. ಗಾಡಿಗಳು ನಿಲ್ಲುವುದು ತಪ್ಪಿತು. ಕಂಟ್ರೋಲಿನವರು ನನ್ನನ್ನು ಹೆಸರಿಟ್ಟು ಕರೆದು ಹೊಗಳಿದರು. ತಿಂಗಳ ತಾಳೆಯಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಇರಲಿಲ್ಲ. ನಾನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಪಾಳಿಯಲ್ಲಿ ಕೂತು ಪೇಪರು ಓದಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಸುಖವಾಗಿತ್ತು. ನಂಬರು ಅಷ್ಟು ಬೇಗ ಹೇಗೆ ಬರುತ್ತದೆ ಎಂದು ನಾನು ಕೇಳಲಿಲ್ಲ, ಕೇಳುವುದು ನನಗೆ ಬೇಕಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ. ಎಲೆಗೆ ಬೇಡಿಕೆಯ ದಿನ. ಹತ್ತು ಗಂಟೆಯ ಪ್ಯಾಸೆಂಜರು ಯಲವಿಗಿ ಬಿಟ್ಟಿತೆಂದು ಸುದ್ದಿ ಬಂತು. ಚೌಡಪ್ಪನಿಗೆ ಹೇಳಿದೆ, ನಂಬರು ಬಂತು, ತೊಂಬತ್ನಾಲ್ಕು. ಬರೆದುಕೊಂಡು ಕೈಮರ ಇಳಿಸಿದೆ. ಗುತ್ತೆಪ್ಪ ಹರವಿಯ ಹತ್ತಿರ ಕೂತಿದ್ದ. ಹತ್ತು ನಿಮಿಷಕ್ಕೆ ಮಕ್ತುಮಸಾಬನ ಚಕ್ಕಡಿ ಬಂದು ನಿಂತಿತು. ಮುಖದ ತುಂಬ ನಗು.

"ಹೊಸ ಗೇಟಮನ್ ಭಾಳ ಛಲೋ ಮನಶ್ಯಾ ಮಾಸ್ತರ್ರ. ಫೋನಿನ್ಯಾಗ ನಿಮಗ ತೊಂಬತ್ನಾಕು ಅಂದ, ಆಮ್ಯಾಲ ನನಗ ಹೋಗು ಸಾಬಾ ಲಗೂ ಅಂದ. ಇವತ್ತ ಎಲಿ ಉಳಿಯಂಗಿಲ್ಲ."

"ನಿನ್ನ ಹಿಂದ ಯಾರರ ಅದಾರೇನು?"

"ಹಿಂದ ಆರ ಚಕ್ಕಡಿ ಅದಾವ್ರಿ, ಮ್ಯಾಲ ಒಂದ ಟ್ರ್ಯಾಕ್ಟರು. ಎಲ್ಲಾರನೂ ಬಿಡಾಕತ್ತಾನ ಪಾಪ."

ಓಡಿ ಹೋಗಿ ಲಿವರು ಜಗ್ಗಿ ಕೈಮರ ಮೇಲೆತ್ತಿದೆ. ತಿರುವಿನಾಚೆ ಗಾಡಿ ಉದ್ದಕ್ಕೆ ಸಿಳ್ಳು ಹಾಕಿತು, ಒಮ್ಮೆ, ಎರಡು ಸಲ, ಆಮೇಲೆ ಬ್ರೇಕು ಕಿರುಗುಟ್ಟಿದ ಸದ್ದು. ಅದು ಗೇಟಿನ ಈಚೆ ನಿಂತಿತೋ ಆಚೆ ನಿಂತಿತೋ ನನಗೆ ಗೊತ್ತಾಗಲಿಲ್ಲ. ಚೌಡಪ್ಪನಿಗೆ ಫೋನು ಮಾಡಿದೆ.

"ಗೇಟ ಬಿದ್ದೈತೇನೋ?"

"ಬಿದ್ದೈತ್ರಿ. ಗಾಡಿ ಕೈಮರದ ಹಿಂದ ನಿಂತೈತ್ರಿ. ಇನ್ನೊಂದ ನಂಬರ ಬೇಕಾದ್ರ ಬರಕೋರಿ. ಅರವತ್ತೊಂದು."

ನಾನು ಕೇಳದೆಯೇ ಕೊಟ್ಟ. ನನ್ನ ಕೈಯಲ್ಲಿ ಈಗ ಎರಡು ನಂಬರಿದ್ದವು, ಎರಡೂ ಹಾಳೆಗೆ ಸರಿಯಾಗಿ ಹೊಂದುವಂಥವು, ಎರಡರಲ್ಲಿ ಒಂದನ್ನೂ ನಾನು ನಂಬಲಾರೆ. ನಾನು ಸ್ಟೇಷನ್ನು ಬಿಟ್ಟು ಹೋಗುವಂತಿಲ್ಲ. ಹಳಿ ಬದಲಿಸುವ ಪಾಯಿಂಟ್ಸಮನ್ ಸ್ಟೇಷನ್ನಿನ ಆ ತುದಿಯಲ್ಲಿದ್ದ. ಕಂಟ್ರೋಲಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಗುತ್ತೆಪ್ಪ ಬಾಗಿಲಿಗೆ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನಾ ಹೋಗಿ ನೋಡಿ ಹೇಳತೇನ್ರಿ."

ಏನು ನೋಡುತ್ತಾನೆ ಇವನು ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಗೇಟು ಬಿದ್ದಿದೆಯೋ ಇಲ್ಲವೋ ಎಂದು ಹೇಳಿದರೆ ನಾನು ನಂಬುವ ಮನುಷ್ಯ ಆ ಇಡೀ ಲೈನಿನಲ್ಲಿ ಅವನೊಬ್ಬನೇ ಇದ್ದ. ಹೋಗು ಎಂದೆ. ಅವನು ಕಾಲಿನಿಂದ ಹಳಿಯ ಅಂಚು ತಡವುತ್ತ ತಿರುವಿನಲ್ಲಿ ಮರೆಯಾದ. ಕಂಟ್ರೋಲಿನ ಫೋನು ಎತ್ತಿದೆ.

"ನಂಬರ ಬಂದೈತಿಲ್ರಿ?"

"ಬಂದೈತ್ರಿ."

"ಮತ್ತ ಯಾಕ ನಿಲ್ಲಿಸಿರಿ?"

"ಗೇಟ ಬಿದ್ದಿಲ್ರಿ," ಎಂದೆ. ಅವರು ಏನೇನೋ ಅಂದರು, ನಾನು ಫೋನು ಇಟ್ಟೆ.

ಇಪ್ಪತ್ತೆರಡು ನಿಮಿಷಕ್ಕೆ ಗೇಟಿನಿಂದ ಫೋನು ಬಂತು. ಗುತ್ತೆಪ್ಪನ ದನಿ, ಏದುಸಿರು.

"ಟ್ರ್ಯಾಕ್ಟರ ನಟ್ಟನಡವ ಕೆಟ್ಟ ನಿಂತಿತ್ರಿ. ಎಲ್ಲಾರೂ ಕೂಡಿ ನೂಕೇವಿ. ಎರಡೂ ಬೀಗ ಕೈ ಹಚ್ಚಿ ಜಗ್ಗಿ ನೋಡೇನ್ರಿ, ಹಳಿಮ್ಯಾಲ ಕಾಲಾಡಿಸಿ ನೋಡೇನಿ. ಗಾಡಿ ತಗೋರಿ."

ಅವನು ನಂಬರು ಕೊಡಲಿಲ್ಲ, ನಾನು ಕೇಳಲಿಲ್ಲ. ಕೈಮರ ಇಳಿಸಿದೆ. ಮಕ್ತುಮಸಾಬನ ಎಲೆ ಆ ಗಾಡಿಗೇ ಹೋಯಿತು. ಚೌಡಪ್ಪನ ಮೇಲೆ ವಿಚಾರಣೆ ಕೂತಿತು, ಅದು ಬೇರೆ ರಗಳೆ.

ಆ ಸಂಜೆ ವಿಳಂಬದ ರಿಜಿಸ್ಟರು ಬರೆಯಬೇಕಾಯಿತು. ಮೂವತ್ತೊಂದು ನಿಮಿಷ. ಕಾರಣ ಎಂಬ ಕಾಲಮ್ಮಿನ ಮುಂದೆ ಬಹಳ ಹೊತ್ತು ಕೂತೆ. ಕೊನೆಗೆ ಬರೆದೆ: ಮಾರ್ಚ್ ಹನ್ನೆರಡರಂದು ಸಹಾಯಕ ಸ್ಟೇಷನ್ ಮಾಸ್ತರ ಚನ್ನವೀರಪ್ಪ ಬರೆದ ಕಾಗದ. ಕಂಟ್ರೋಲಿನವರಿಗೆ ಅದು ಅರ್ಥವಾಗಲಿಲ್ಲ. ತಲೆ ಕೆಟ್ಟಿದೆಯೇ ಎಂದು ಕೇಳಿ ನನಗೊಂದು ನೋಟೀಸು ಕಳಿಸಿದರು.

ಗುತ್ತೆಪ್ಪ ಗಂಟೆ ಒರೆಸುತ್ತಿದ್ದ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅದು ನೀವ ಬರದದ್ದು ಅಂತ ನನಗ ಆವಾಗ ಗೊತ್ತಿತ್ರಿ. ಗಾರ್ಡ ಹೇಳಿದ್ದ."

"ಗೊತ್ತಿದ್ದೂ ನನ್ನ ಹತ್ರ ಪಾಠ ಕಲಿಯಾಕ ಬಂದ್ಯಾ?"

"ತಪ್ಪೇನ ಬರದಿದ್ದಿಲ್ಲಲ್ರಿ ನೀವು. ಎಂಟನ್ನ ನಾ ಮೂರಂತ ಓದಿದ್ದು ಖರೇ ಐತಿ."

ಅಷ್ಟೇ ಅಂದ. ಅವನು ನನ್ನನ್ನು ಒಂದು ಮಾತು ಬೈದಿದ್ದರೆ ನಾನೂ ಒಂದು ಮಾತು ಬೈದು ಹಗುರಾಗುತ್ತಿದ್ದೆ. ಆಮೇಲೆ ಐದು ವರ್ಷ ಅದೇ ಸ್ಟೇಷನ್ನಿನಲ್ಲಿ ದಿನಾ ಅವನ ಕೈಯ ನೀರು ಕುಡಿದೆ. ಅವನು ಒಮ್ಮೆಯೂ ಬೈಯಲಿಲ್ಲ.